ಅರಗಿನ ಪ್ಲೇಟು ಯಾರ ಸ್ವತ್ತು?

2022ರ ಜನವರಿ 1ರಂದು ಅಮೆರಿಕದಲ್ಲಿ ಆದ ಒಂದು ಬಿಡುಗಡೆಯನ್ನು ನಮ್ಮಲ್ಲಿ ಹೆಚ್ಚು ಜನ ಗಮನಿಸಿದಂತಿಲ್ಲ. 1922ರ ಅಂತ್ಯದವರೆಗೆ ಪ್ರಕಟವಾಗಿದ್ದ ಗ್ರಾಮಫೋನ್ ಮುದ್ರಿಕೆಗಳೆಲ್ಲ, ಅಂದಾಜು 4 ಲಕ್ಷದಷ್ಟು, ಅಂದು ಆ ದೇಶದಲ್ಲಿ ಏಕಕಾಲಕ್ಕೆ ಹಕ್ಕುಸ್ವಾಮ್ಯದ ಹಿಡಿತದಿಂದ ಹೊರಬಂದವು. ಅದೇ ಕಾಲದ ಪುಸ್ತಕಗಳಿಗೆ, ಮೂಕಿ ಚಿತ್ರಗಳಿಗೆ ಈ ಭಾಗ್ಯ ಮೊದಲೇ ದೊರೆತಿತ್ತು. ಆದರೆ 1972ಕ್ಕೆ ಹಿಂದಿನ ಧ್ವನಿಮುದ್ರಿಕೆಗಳನ್ನು ಅಲ್ಲಿನ ಒಕ್ಕೂಟದ ಕಾನೂನು ಕೈಬಿಟ್ಟಿದ್ದರಿಂದ ಅವು ಬೇರೆ ಬೇರೆ ರಾಜ್ಯಗಳ ಕಾನೂನುಗಳಡಿ ಸಿಲುಕಿಕೊಂಡಿದ್ದವು. 1890ರ ದಶಕದಲ್ಲಿ ಮೇಣದ ಕೊಳವೆಯ ಮೇಲೆ ಹಾಡಿದವನ ಧ್ವನಿಗೂ 2067ರವರೆಗೆ ವಿಮೋಚನೆ ಇರಲಿಲ್ಲ. 2018ರಲ್ಲಿ ಬಂದ ಹೊಸ ಕಾಯ್ದೆ ಈ ಗಂಟನ್ನು ಬಿಡಿಸಿತು. ಅದರಂತೆ 1923ರ ಮುದ್ರಿಕೆಗಳು 2024ರಲ್ಲಿ, 1924ರವು 2025ರಲ್ಲಿ, 1925ರವು 2026ರಲ್ಲಿ, ಹೀಗೆ ನೂರು ವರ್ಷ ತುಂಬಿದಂತೆಲ್ಲ ವರ್ಷಕ್ಕೊಂದು ಕಂತಿನಲ್ಲಿ ಸಾರ್ವಜನಿಕ ಸ್ವತ್ತಾಗುವ ಏರ್ಪಾಟು ಆಗಿದೆ.

ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ಕುಳಿತಿರುವವನಿಗೆ ಇದರ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ನನ್ನ ಮನೆಯ ಅಟ್ಟದಲ್ಲಿ ಮೂರು ಮರದ ಪೆಟ್ಟಿಗೆಗಳಿವೆ. ಅವುಗಳಲ್ಲಿ ಸುಮಾರು 140 ಹಳೆಯ 78 ಸುತ್ತಿನ ಪ್ಲೇಟುಗಳಿವೆ. ಅವುಗಳಲ್ಲಿ ಹೆಚ್ಚಿನವು ಅಮೆರಿಕದ ರ‍್ಯಾಗ್‌ಟೈಮ್ ಮತ್ತು ಆರಂಭಕಾಲದ ಜಾಝ್ ಸಂಗೀತದ ಇಂಗ್ಲಿಷ್ ಅಥವಾ ಕಲ್ಕತ್ತಾ ಅಚ್ಚುಗಳು. ಮಕ್ಕಳಿಗೆ ಇವು ಬೇಡ. ಹೆಂಡತಿಗೆ ಮೊದಲಿನಿಂದಲೂ ಬೇಡ. ಇವುಗಳ ವಿಲೇವಾರಿ ಹೇಗೆ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ಒಡೆತನ ಎಂದರೇನು ಎಂಬ ಹಳೆಯ ಅರ್ಥಶಾಸ್ತ್ರದ ಪ್ರಶ್ನೆಗೂ ಅದು ನನ್ನನ್ನು ಮತ್ತೆ ಕರೆದೊಯ್ದಿದೆ.

ಈ ಗೀಳು ಹಿಡಿದದ್ದು ಒಂದು ಸಿನಿಮಾದಿಂದ. 1973ರ ‘ದಿ ಸ್ಟಿಂಗ್’ ಎಂಬ ಹಾಲಿವುಡ್ ಚಿತ್ರವನ್ನು ಕೆಲವು ವರ್ಷ ತಡವಾಗಿ ದಂಡು ಪ್ರದೇಶದ ಚಿತ್ರಮಂದಿರವೊಂದರಲ್ಲಿ ನೋಡಿದೆ. ಕಥೆ ಮರೆತುಹೋಯಿತು, ಪಿಯಾನೊ ಉಳಿಯಿತು. ಅದು ಸ್ಕಾಟ್ ಜಾಪ್ಲಿನ್ ಎಂಬ ಕಪ್ಪು ಸಂಗೀತಗಾರನ ರಚನೆ ಎಂದು ಆಮೇಲೆ ತಿಳಿಯಿತು. ಚಿತ್ರದ ಕಥೆ ನಡೆಯುವುದು 1936ರಲ್ಲಿ. ಅಷ್ಟು ಹೊತ್ತಿಗೆ ರ‍್ಯಾಗ್‌ಟೈಮ್ ಹಳತಾಗಿ, ಜಾಪ್ಲಿನ್ ತೀರಿಕೊಂಡು 19 ವರ್ಷಗಳಾಗಿದ್ದವು ಎಂಬುದು ಬೇರೆ ಮಾತು. 1899ರಲ್ಲಿ ಮಿಸೌರಿಯ ಸೆಡೇಲಿಯಾ ಊರಿನ ಅಂಗಡಿಕಾರ ಜಾನ್ ಸ್ಟಾರ್ಕ್ ಆತನ ‘ಮೇಪಲ್ ಲೀಫ್ ರ‍್ಯಾಗ್’ ಸ್ವರಲಿಪಿಯನ್ನು ಅಚ್ಚು ಹಾಕಿಸಿ, ಮಾರಾಟವಾದ ಪ್ರತಿಯೊಂದಕ್ಕೆ ಒಂದು ಸೆಂಟ್ ಕೊಡುವ ಕರಾರು ಮಾಡಿಕೊಂಡಿದ್ದ. ಜಾಪ್ಲಿನ್ ಒಂದೇ ಒಂದು ಪ್ಲೇಟು ನುಡಿಸಲಿಲ್ಲ. ಪಿಯಾನೊ ಯಂತ್ರಕ್ಕೆ ಹಾಕುವ ರಂಧ್ರದ ಕಾಗದದ ಸುರುಳಿಗಳಷ್ಟೇ ಆತನ ಕೈಯ ಗುರುತಾಗಿ ಉಳಿದಿವೆ. ಅವೂ 1916ರವು, ಕಾಯಿಲೆಯಿಂದ ಬೆರಳುಗಳು ಹಿಡಿತ ತಪ್ಪಿದ್ದ ಕಾಲದವು.

ಜಾಝ್ ಚರಿತ್ರೆಯಲ್ಲಿ ಇಂಥ ಮೌನಗಳು ಹಲವು. ನ್ಯೂ ಆರ್ಲಿಯನ್ಸ್‌ನಲ್ಲಿ ಈ ಸಂಗೀತಕ್ಕೆ ರೂಪ ಕೊಟ್ಟವರಲ್ಲಿ ಮೊದಲಿಗನೆಂದು ಹೆಸರಾದ ಕಾರ್ನೆಟ್ ವಾದಕ ಬಡಿ ಬೋಲ್ಡನ್‌ನ ಒಂದು ಸ್ವರವೂ ನಮಗೆ ಉಳಿದಿಲ್ಲ. ಆತನ ನಂತರದ ಫ್ರೆಡಿ ಕೆಪರ್ಡ್ ತನ್ನ ಬೆರಳಾಟವನ್ನು ಬೇರೆಯವರು ಕದಿಯಬಾರದೆಂದು ಕೈಯ ಮೇಲೆ ಕರವಸ್ತ್ರ ಹೊದಿಸಿಕೊಂಡು ನುಡಿಸುತ್ತಿದ್ದನಂತೆ. ವಿಕ್ಟರ್ ಕಂಪನಿ ಮುದ್ರಣಕ್ಕೆ ಕರೆದಾಗಲೂ ಅದೇ ಭಯದಿಂದ ಒಲ್ಲೆನೆಂದನೆಂಬ ಕಥೆಯಿದೆ. ಕಥೆ ಎಷ್ಟು ನಿಜವೋ, 1917ರ ಫೆಬ್ರವರಿ 26ರಂದು ನ್ಯೂಯಾರ್ಕ್‌ನ ವಿಕ್ಟರ್ ಸ್ಟುಡಿಯೋದಲ್ಲಿ ನುಡಿಸಿ ಮೊಟ್ಟಮೊದಲ ಜಾಝ್ ಪ್ಲೇಟು ತಂದವರು ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್’ ಎಂಬ ಐವರು ಬಿಳಿಯರು. ಕಪ್ಪು ಜನ ಕಟ್ಟಿದ ಸಂಗೀತದ ಮೊದಲ ದಾಖಲೆ ಬಿಳಿಯರ ಹೆಸರಿನಲ್ಲಾಯಿತು. ಕೆಪರ್ಡ್ ಮುದ್ರಣಕ್ಕೆ ಒಪ್ಪಿದ್ದು 1920ರ ದಶಕದಲ್ಲಿ, ಉತ್ತಮ ದಿನಗಳು ಕಳೆದ ಮೇಲೆ.

ಈ ಪ್ಲೇಟುಗಳಿಗೂ ನಮ್ಮ ದೇಶಕ್ಕೂ ಇರುವ ಹಳೆಯ ನಂಟು ಅರಗಿನದು. ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯ ಅರಗು, ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವ ಅರಗು, ಅದೇ ಇದು. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಬೋರೆ, ಕುಸುಮ್ ಮರಗಳ ಎಳೆಯ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟ ಸ್ರವಿಸುವ ಅಂಟನ್ನು ಆದಿವಾಸಿಗಳು ಕೆರೆದು ತೆಗೆಯುತ್ತಿದ್ದರು. ಅದು ತೊಳೆದು, ಕರಗಿಸಿ, ಹಾಳೆಯಾಗಿ ಎಳೆಸಿಕೊಂಡು ಕಲ್ಕತ್ತೆಯ ಬಂದರಿನಿಂದ ಹೊರಡುತ್ತಿತ್ತು. ಈ ವ್ಯಾಪಾರ ಎಷ್ಟು ಮಹತ್ವದ್ದಾಗಿತ್ತೆಂದರೆ, 1924ರಲ್ಲಿ ರಾಂಚಿಯ ಬಳಿ ನಾಮಕುಮ್‌ನಲ್ಲಿ ಅರಗಿಗೆಂದೇ ಒಂದು ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಚಿಕಾಗೋದ ಕಪ್ಪು ಕೂಲಿಕಾರ ತನ್ನ ವಾರದ ಸಂಬಳದಲ್ಲಿ ಒಂದು ಡಾಲರಿನ ಒಳಗೆ ಕೊಂಡು ತರುತ್ತಿದ್ದ ಪ್ಲೇಟಿನಲ್ಲಿ ಮುಂಡಾ, ಒರಾಂವ್ ಜನರ ದುಡಿಮೆಯೂ ಸೇರಿತ್ತು.

ಪ್ಲೇಟಿನಲ್ಲಿ ಅರಗಿನ ಪಾಲು ಸಣ್ಣದು. ಉಳಿದದ್ದು ಕಲ್ಲಿನ ಪುಡಿ, ಕಾಡಿಗೆ ಮತ್ತು ಒಂದಿಷ್ಟು ಹತ್ತಿಯ ನಾರು. ಕಲ್ಲಿನ ಪುಡಿಯನ್ನು ಬೆರೆಸುತ್ತಿದ್ದುದಕ್ಕೆ ಕಾರಣವಿದೆ. ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತುಗಳಲ್ಲಿ ಸವೆದು ಗೀರಿನ ಆಕಾರಕ್ಕೆ ಹೊಂದಿಕೊಳ್ಳಬೇಕಿತ್ತು. ಅದಕ್ಕೇ ಪ್ರತಿ ಬದಿಗೂ ಹೊಸ ಮುಳ್ಳು ಹಾಕಬೇಕೆಂಬ ನಿಯಮ. ಆದರೆ ಮುಳ್ಳು ಸವೆಯುವಾಗ ಗೀರು ಸವೆಯದೆ ಇರುವುದೇ? ನೂರು ಸಲ ಕೇಳಿದ ಪ್ಲೇಟು ಬೂದುಬಣ್ಣಕ್ಕೆ ತಿರುಗಿ, ಕಹಳೆಯ ಏರುದನಿಯಲ್ಲಿ ಗೊರಗೊರ ಎನ್ನತೊಡಗುತ್ತದೆ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರತಿ ಶ್ರವಣವೂ ಒಂದು ಬಳಕೆ. ಒಬ್ಬರು ಕೇಳಿದಷ್ಟೂ ಇನ್ನೊಬ್ಬರ ಪಾಲಿಗೆ ಕಡಿಮೆಯಾಗುತ್ತದೆ. ಸಂಗ್ರಾಹಕರು ಜಿಪುಣರೆಂಬ ಖ್ಯಾತಿಗೆ ಪೂರ್ತಿ ಕಾರಣ ಅವರ ಸ್ವಭಾವವೇ ಅಲ್ಲ.

ಹಾಗೆಂದು ನನ್ನ ಒಂದು ಜಿಪುಣತನಕ್ಕೆ ನಾನು ಸಮರ್ಥನೆ ಹುಡುಕುತ್ತಿಲ್ಲ. 1989ರಲ್ಲಿ ಬೆಂಗಳೂರಿನ ದಂಡು ಪ್ರದೇಶದ ಒಂದು ಹರಾಜು ಕೋಣೆಯಲ್ಲಿ ಕುರ್ಚಿ, ಕನ್ನಡಿಗಳ ನಡುವೆ ಒಂದು ಪ್ಲೇಟಿನ ಕಟ್ಟು ಸಿಕ್ಕಿತು. ಅದರಲ್ಲಿ ಮೇಲೆ ಹೇಳಿದ ಡಿಕ್ಸಿಲ್ಯಾಂಡ್ ತಂಡದ ಪ್ಲೇಟೊಂದಿತ್ತು. ಆ ತಂಡ 1919ರಲ್ಲಿ ಲಂಡನ್ನಿಗೆ ಹೋಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು, ಇಂಗ್ಲಿಷ್ ಕೊಲಂಬಿಯಾ ಕಂಪನಿಗೆ 17 ಬದಿಗಳನ್ನು ನುಡಿಸಿತು. ಅವುಗಳಲ್ಲಿ ಎರಡು ಬದಿಗಳ ಪ್ಲೇಟು ಅದು. ಯಾವ ಸೈನ್ಯಾಧಿಕಾರಿಯ ಪೆಟ್ಟಿಗೆಯಲ್ಲಿ ಬಂದಿತ್ತೋ. ಅದೇ ಹರಾಜಿನಲ್ಲಿ ಪರಿಚಯವಾದವರು ಎಪ್ಪತ್ತರ ಸಮೀಪದ ಒಬ್ಬ ಪಿಯಾನೊ ಮೇಷ್ಟ್ರು. ಇಗರ್ಜಿಯಲ್ಲಿ ಆರ್ಗನ್ ನುಡಿಸಿ, ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸಿದವರು. ಆ ಪ್ಲೇಟು ತಮ್ಮ ತಂದೆಯ ಬಳಿಯೂ ಇತ್ತು, ಕಷ್ಟಕಾಲದಲ್ಲಿ ಮಾರಿದ್ದರು ಎಂದರು. ಮನೆಗೆ ಕರೆದು ಒಮ್ಮೆ ಕೇಳಿಸಿದೆ. ಮೇಷ್ಟ್ರು ಕಣ್ಣು ಮುಚ್ಚಿ ಕುಳಿತರು. ಹೊರಡುವಾಗ, “ಸಾಹೇಬರೇ, ಖಾಲಿ ಕ್ಯಾಸೆಟ್ ತಂದುಕೊಡ್ತೀನಿ, ಇದನ್ನೊಂದು ಹಾಕಿಕೊಡ್ತೀರಾ?” ಎಂದರು.

ಆಗಲಿ ಮೇಷ್ಟ್ರೇ, ನೋಡೋಣ ಎಂದೆ. ಕ್ಯಾಸೆಟ್ ಬಂತು. ನಾನು ಹಾಕಿಕೊಡಲಿಲ್ಲ. ಪ್ಲೇಟು ಸವೆಯುತ್ತದೆ ಎಂಬ ನೆಪ ಮನಸ್ಸಿನಲ್ಲಿತ್ತು. ಆದರೆ ಒಂದು ಸಲ ನುಡಿಸಿದರೆ ಏನು ಸವೆದೀತು? ನನ್ನಲ್ಲಿರುವುದು ಬೇರೊಬ್ಬರಲ್ಲಿ ಇರಬಾರದು ಎಂಬ ಸಣ್ಣತನವೇ ನಿಜವಾದ ಕಾರಣ. ಎರಡು ಬಾರಿ ನೆನಪಿಸಿ ಅವರು ಸುಮ್ಮನಾದರು. ಮರುವರ್ಷ ನನಗೆ ಬೀದರಿಗೆ ವರ್ಗವಾಯಿತು. ಲಾರಿಯಿಂದ ಸಾಮಾನು ಇಳಿಸುವಾಗ ಒಂದು ಪೆಟ್ಟಿಗೆ ಜಾರಿತು. ಒಡೆದ ಮೂರು ಪ್ಲೇಟುಗಳಲ್ಲಿ ಅದೂ ಒಂದು. ನಾನು ಬೆಂಗಳೂರಿಗೆ ಮರಳುವ ಹೊತ್ತಿಗೆ ಮೇಷ್ಟ್ರೂ ತೀರಿಕೊಂಡಿದ್ದರು.

ಇದು ಒಬ್ಬನ ಅಟ್ಟದ ಕಥೆ. ಅಮೆರಿಕದಲ್ಲಿ ಇದೇ ಕಥೆ ಬೃಹತ್ ಪ್ರಮಾಣದಲ್ಲಿ ನಡೆದಿದೆ. ಅಲ್ಲಿ ಕಾನೂನಿನ ಒಡೆಯರಾಗಿದ್ದ ಕಂಪನಿಗಳೇ ಈ ಸಂಗೀತವನ್ನು ಹೇಗೆ ನೋಡಿಕೊಂಡವು ಎಂಬುದಕ್ಕೆ ಪ್ಯಾರಾಮೌಂಟ್ ಸಂಸ್ಥೆಯ ಉದಾಹರಣೆ ಸಾಕು. ಇದು ಸಿನಿಮಾ ಕಂಪನಿಯಲ್ಲ. ವಿಸ್ಕಾನ್ಸಿನ್ನಿನ ಒಂದು ಕುರ್ಚಿ ಕಾರ್ಖಾನೆಯ ಕೂಸು. ಕಾರ್ಖಾನೆ ಗ್ರಾಮಫೋನ್ ಇಡುವ ಮರದ ಪೆಟ್ಟಿಗೆಗಳನ್ನು ತಯಾರಿಸುತ್ತಿತ್ತು. ಪೆಟ್ಟಿಗೆ ಮಾರಲು ಪ್ಲೇಟು ಬೇಕಲ್ಲ ಎಂದು ಪ್ಲೇಟು ಮಾಡತೊಡಗಿತು. 1920ರ ಆಗಸ್ಟ್‌ನಲ್ಲಿ ಓಕೆ ಕಂಪನಿಗೆ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಕಪ್ಪು ಜನರೂ ಪ್ಲೇಟು ಕೊಳ್ಳುತ್ತಾರೆಂದು ವ್ಯಾಪಾರಿಗಳಿಗೆ ತೋರಿಸಿಕೊಟ್ಟ ಮೇಲೆ ಪ್ಯಾರಾಮೌಂಟ್ ಕೂಡ ಆ ಮಾರುಕಟ್ಟೆಗೆ ಇಳಿಯಿತು. ಅಗ್ಗದ ಅರಗು, ಕೀಳು ದರ್ಜೆಯ ಪುಡಿ. ಆದರೆ ಅದರ ಮೇಲೆ ಅಚ್ಚಾದದ್ದು ಅಂದಿನ ಅತ್ಯುತ್ತಮ ಬ್ಲೂಸ್ ಮತ್ತು ಜಾಝ್. ಆರ್ಥಿಕ ಮುಗ್ಗಟ್ಟಿನಲ್ಲಿ ಸಂಸ್ಥೆ ಮುಚ್ಚಿತು, ಮೂಲ ಲೋಹದ ಅಚ್ಚುಗಳು ಹೆಚ್ಚುಕಡಿಮೆ ಎಲ್ಲವೂ ಗುಜರಿಗೆ ಹೋದವು. ಇಂದು ಆ ಸಂಗೀತ ಉಳಿದಿದ್ದರೆ ಅದು ಜನರ ಮನೆಗಳಲ್ಲಿ ಉಳಿದ ಸವೆದ ಪ್ಲೇಟುಗಳಿಂದ ಮಾತ್ರ.

ಆ ಮೇಲೆ ಯುದ್ಧ ಬಂತು. 1942ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ಪ್ಲೇಟು ತಯಾರಿಕೆಗೆ ಸಿಗುವ ಅರಗನ್ನು ಶೇ 70ರಷ್ಟು ಕಡಿತಗೊಳಿಸಿತು. ಅರಗು ಯುದ್ಧಸಾಮಗ್ರಿಗೂ ಬೇಕಿತ್ತು, ಭಾರತದಿಂದ ಬರುವ ಹಡಗಿನ ದಾರಿ ಅಪಾಯಕ್ಕೆ ಸಿಕ್ಕಿತ್ತು. ಹಳೆಯ ಪ್ಲೇಟು ತಂದುಕೊಟ್ಟರೆ ಮಾತ್ರ ಹೊಸದು ಎಂಬ ಪದ್ಧತಿ ಹಲವು ಅಂಗಡಿಗಳಲ್ಲಿ ಜಾರಿಗೆ ಬಂತು. ಹಾಗೆ ಬಂದ ಹಳೆಯ ಪ್ಲೇಟುಗಳನ್ನು ಪುಡಿ ಮಾಡಿ ಹೊಸ ಹಾಡುಗಳಿಗೆ ಬಳಸಲಾಯಿತು. ರ‍್ಯಾಗ್‌ಟೈಮಿನ ಎಷ್ಟು ಪ್ಲೇಟುಗಳು ಹೀಗೆ ಬೀಸುವ ಕಲ್ಲಿಗೆ ಬಿದ್ದವೋ ಲೆಕ್ಕ ಇಟ್ಟವರಿಲ್ಲ.

ಉಳಿಸಿದವರು ಹವ್ಯಾಸಿಗಳು. ಪ್ಲೇಟಿನ ಚೀಟಿಯ ಮೇಲೆ ತಂಡದ ಹೆಸರು ಬಿಟ್ಟರೆ ನುಡಿಸಿದವರ ಹೆಸರು ಅಪರೂಪ. ಯಾರು ಕಾರ್ನೆಟ್, ಯಾರು ಕ್ಲಾರಿನೆಟ್ ಎಂಬುದನ್ನು ಬರಿಯ ಕಿವಿಯಿಂದ ಗುರುತಿಸಿ ಪಟ್ಟಿ ಮಾಡಿದವರು ಇವರೇ. ಚಾರ್ಲ್ಸ್ ಡೆಲೋನೆ 1936ರಲ್ಲಿ ಇಂಥ ಒಂದು ಸೂಚಿಯನ್ನು ಪ್ರಕಟಿಸಿದ್ದು ಪ್ಯಾರಿಸ್‌ನಲ್ಲಿ. ಅಮೆರಿಕದ ಸಂಗೀತದ ಲೆಕ್ಕವನ್ನು ಫ್ರೆಂಚರು ಬರೆಯಬೇಕಾಯಿತು! ಇಂಗ್ಲೆಂಡಿನ ಬ್ರಯಾನ್ ರಸ್ಟ್ 1960ರ ದಶಕದಿಂದ ಹೊರತಂದ ಸಂಪುಟಗಳು ಇಂದಿಗೂ ಈ ಕ್ಷೇತ್ರದ ಪಂಚಾಂಗದಂತಿವೆ. ಮೇರಿಲ್ಯಾಂಡಿನ ಜೋ ಬಸರ್ಡ್ ಹಳ್ಳಿಗಾಡಿನ ರಸ್ತೆಗಳಲ್ಲಿ ಕಾರು ಓಡಿಸಿಕೊಂಡು, ಮನೆಮನೆಯ ಬಾಗಿಲು ತಟ್ಟಿ, ಸುಮಾರು 15,000 ಪ್ಲೇಟುಗಳನ್ನು ಕೂಡಿಹಾಕಿದ ಮನುಷ್ಯ. 1933ರ ನಂತರ ಜಾಝ್ ಸತ್ತೇಹೋಯಿತು ಎಂದು ವಾದಿಸುತ್ತಿದ್ದ ಹಟಮಾರಿ. ಆದರೆ ನೆಲಮಾಳಿಗೆಗೆ ಬಂದವರಿಗೆಲ್ಲ ಕೇಳಿಸುತ್ತಿದ್ದ, ರೇಡಿಯೊದಲ್ಲಿ ದಶಕಗಳ ಕಾಲ ಹಾಕುತ್ತಿದ್ದ, ಕೇಳಿದವರಿಗೆ ಹಾಡೊಂದಕ್ಕೆ 50 ಸೆಂಟಿನಂತೆ ಟೇಪಿಗೆ ಹಾಕಿ ಕಳುಹಿಸುತ್ತಿದ್ದ. 2022ರಲ್ಲಿ ಆತ ತೀರಿಕೊಂಡ ಸುದ್ದಿ ಓದಿದಾಗ ನನಗೆ ಮೇಷ್ಟ್ರ ಖಾಲಿ ಕ್ಯಾಸೆಟ್ಟಿನ ನೆನಪಾಯಿತು.

ಈ ಹವ್ಯಾಸಿಗಳನ್ನು ಸಂತರೆಂದು ಬಗೆಯಬೇಕಿಲ್ಲ. ಬಡ ಕಪ್ಪು ಮನೆಗಳಿಂದ ಪುಡಿಗಾಸಿಗೆ ಕೊಂಡ ಪ್ಲೇಟುಗಳು ಮುಂದೆ ಬಿಳಿಯ ಸಂಗ್ರಾಹಕರ ನಡುವೆ ಸಾವಿರಾರು ಡಾಲರಿಗೆ ಕೈಬದಲಾದವು. 2013ರಲ್ಲಿ ಟಾಮಿ ಜಾನ್ಸನ್ ಹಾಡಿದ ಒಂದು ಪ್ಯಾರಾಮೌಂಟ್ ಬ್ಲೂಸ್ ಪ್ಲೇಟು 37,100 ಡಾಲರಿಗೆ ಹರಾಜಾಯಿತು. ಗಮನಿಸಬೇಕಾದದ್ದೆಂದರೆ ಆ ಹಾಡು ಅದಕ್ಕೂ ಬಹಳ ಮೊದಲೇ ಮರುಮುದ್ರಣಗೊಂಡು, ಬೇಕೆಂದವರಿಗೆ ಸಿಡಿಯಲ್ಲಿ ಸಿಗುತ್ತಿತ್ತು. ಅಂದರೆ ಕೊಂಡವರು ಬೆಲೆ ತೆತ್ತದ್ದು ಅರಗಿನ ತಟ್ಟೆಗೆ, ಧ್ವನಿಗಲ್ಲ. ಧ್ವನಿಯನ್ನು ಹಂಚಿಕೊಂಡರೆ ತಟ್ಟೆಯ ಬೆಲೆ ಬಿದ್ದುಹೋಗುತ್ತದೆ ಎಂಬ ಸಂಗ್ರಾಹಕರ ಭಯಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ. ಪ್ಲೇಟನ್ನು ಒಮ್ಮೆ ಎಚ್ಚರಿಕೆಯಿಂದ ಗಣಕಕ್ಕೆ ಇಳಿಸಿಕೊಂಡರೆ ಅನಂತರ ಕೋಟಿ ಜನ ಕೇಳಿದರೂ ಗೀರು ಸವೆಯುವುದಿಲ್ಲ.

ಹಾಗಾದರೆ ಅಡ್ಡಿ ಯಾವುದು? ಕಾನೂನು. ಟಿಮ್ ಬ್ರೂಕ್ಸ್ ಎಂಬ ವಿದ್ವಾಂಸರು ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ನಡೆಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 1890ರಿಂದ 1964ರವರೆಗಿನ ಚಾರಿತ್ರಿಕ ಮುದ್ರಿಕೆಗಳಲ್ಲಿ ಹಕ್ಕುದಾರರು ಮಾರುಕಟ್ಟೆಯಲ್ಲಿ ಲಭ್ಯವಾಗಿಟ್ಟಿದ್ದದ್ದು ಕೇವಲ ಶೇ 14. ಉಳಿದದ್ದನ್ನು ತಾವೂ ಹೊರತರಲಿಲ್ಲ, ಬೇರೆಯವರು ತಂದರೆ ಅದು ಅಪರಾಧ. ಹಕ್ಕುಸ್ವಾಮ್ಯ ಕಲಾವಿದನ ಅನ್ನಕ್ಕಾಗಿ ಎಂದು ನಾವು ಪಾಠದಲ್ಲಿ ಓದಿದ್ದೇವೆ. ತತ್ತ್ವ ಒಪ್ಪತಕ್ಕದ್ದೇ. ಆದರೆ ಈ ಕಾಲದ ವಾದಕರಲ್ಲಿ ಹೆಚ್ಚಿನವರು ಒಂದೇ ಬಾರಿಯ ಕೂಲಿ ಪಡೆದು ಹೋದವರು. 1923ರ ಏಪ್ರಿಲ್‌ನಲ್ಲಿ ಕಿಂಗ್ ಆಲಿವರ್ ತನ್ನ ತಂಡವನ್ನು ಇಂಡಿಯಾನಾದ ರಿಚ್ಮಂಡ್ ಊರಿಗೆ ಕರೆತಂದು ಜೆನೆಟ್ ಕಂಪನಿಗೆ ನುಡಿಸಿದ. ಸ್ಟುಡಿಯೋ ರೈಲು ಹಳಿಯ ಪಕ್ಕದಲ್ಲಿದ್ದುದರಿಂದ ಗಾಡಿ ಬಂದಾಗಲೆಲ್ಲ ಕೆಲಸ ನಿಲ್ಲಿಸಬೇಕಾಗುತ್ತಿತ್ತು. ಮೈಕ್ ಇಲ್ಲದ ಕಾಲ, ಒಂದೇ ತಗಡಿನ ಕೊಳವೆಯ ಮುಂದೆ ಎಲ್ಲರೂ ನಿಲ್ಲಬೇಕು. ಎರಡನೆಯ ಕಾರ್ನೆಟ್ ಹಿಡಿದಿದ್ದ ಹುಡುಗನ ದನಿ ಎಲ್ಲರನ್ನೂ ಮುಚ್ಚಿಹಾಕುತ್ತಿದ್ದುದರಿಂದ ಅವನನ್ನು ಕೋಣೆಯ ದೂರದ ಮೂಲೆಗೆ ನಿಲ್ಲಿಸಿದ್ದರೆಂದು ಪಿಯಾನೊ ನುಡಿಸಿದ ಲಿಲ್ ಹಾರ್ಡಿನ್ ನೆನೆದಿದ್ದಾರೆ. ಆ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್. ಗುರು ಆಲಿವರ್ ಹಲ್ಲುಗಳು ಹಾಳಾಗಿ ನುಡಿಸಲಾರದೆ, ಜೂಜುಮನೆಯಂಥ ಬಿಲಿಯರ್ಡ್ಸ್ ಅಂಗಡಿಯಲ್ಲಿ ಕಸ ಗುಡಿಸಿ, 1938ರಲ್ಲಿ ಸವಾನಾದಲ್ಲಿ ಸತ್ತ. ಆತ ಸತ್ತ ಮೇಲೆ 85 ವರ್ಷ ಆ ಮುದ್ರಿಕೆಗಳಿಗೆ ಕಾವಲಿದ್ದ ಕಾನೂನು ಯಾರ ಅನ್ನವನ್ನು ಕಾಯುತ್ತಿತ್ತು?

ಕಾವಲು ಪೂರ್ತಿ ಸಡಿಲಗೊಂಡಿಲ್ಲ. ಇಂಟರ್ನೆಟ್ ಆರ್ಕೈವ್ ಸಂಸ್ಥೆ 78 ಸುತ್ತಿನ ಪ್ಲೇಟುಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಗಣಕಕ್ಕೆ ಇಳಿಸಿ ಎಲ್ಲರಿಗೂ ತೆರೆದಿಟ್ಟದ್ದಕ್ಕೆ ದೊಡ್ಡ ಸಂಗೀತ ಕಂಪನಿಗಳು 2023ರಲ್ಲಿ ಮೊಕದ್ದಮೆ ಹೂಡಿದವು. 2025ರಲ್ಲಿ ರಾಜಿಯಾಯಿತು, ಷರತ್ತುಗಳನ್ನು ಬಹಿರಂಗಪಡಿಸಲಿಲ್ಲ. ವ್ಯಾಜ್ಯಕ್ಕೆ ಬಂದ ಹಾಡುಗಳಲ್ಲಿ ಸಿನಾತ್ರಾ, ಬಿಂಗ್ ಕ್ರಾಸ್ಬಿ ಮುಂತಾದವರ ಇಂದಿಗೂ ಮಾರಾಟವಾಗುವ ಹಾಡುಗಳಿದ್ದವು. ಅಲ್ಲಿ ಕಂಪನಿಗಳ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಯಾರೂ ಮಾರದ, ಯಾರೂ ಕೊಳ್ಳಲಾಗದ ಪ್ಲೇಟುಗಳಿಗೂ ಅದೇ ಬೇಲಿ ಏಕೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. 1957ರ ಕಾಯ್ದೆಯಂತೆ, 1992ರ ತಿದ್ದುಪಡಿಯ ನಂತರ, ಧ್ವನಿಮುದ್ರಿಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ, ಅಷ್ಟೇ. ಹೀಗಾಗಿ ಭಾರತದಲ್ಲೇ ಮುದ್ರಿತವಾದ ಜಾಝ್ ಎಂದೋ ಮುಕ್ತವಾಗಿದೆ. ಹೌದು, ಇಲ್ಲಿಯೂ ಮುದ್ರಿತವಾಗಿದೆ. 1913ರಲ್ಲಿ ಜೇಮ್ಸ್ ರೀಸ್ ಯುರೋಪ್ ಎಂಬ ಕಪ್ಪು ಸಂಗೀತ ನಿರ್ದೇಶಕ ನ್ಯೂಯಾರ್ಕ್‌ನಲ್ಲಿ ವಿಕ್ಟರ್ ಕಂಪನಿಗೆ ರ‍್ಯಾಗ್‌ಟೈಮ್ ನೃತ್ಯಗಳನ್ನು ನುಡಿಸಿದಾಗ ಆತನ ತಂಡದಲ್ಲಿ ಕಾರ್ನೆಟ್ ಹಿಡಿದಿದ್ದವನು ಕ್ರಿಕೆಟ್ ಸ್ಮಿತ್. ಅದೇ ಸ್ಮಿತ್ 1930ರ ದಶಕದಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ತಂಡ ಕಟ್ಟಿ, 1936ರಲ್ಲಿ ಅಲ್ಲಿಯೇ ಪ್ಲೇಟು ನುಡಿಸಿದ. ಚಿಕಾಗೋದಿಂದ ಬಂದ ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ಹಲವು ಪ್ಲೇಟುಗಳನ್ನು ಕೊಟ್ಟು, 1945ರಲ್ಲಿ ಆ ಊರಿನಲ್ಲೇ ಕಾಲರಾಕ್ಕೆ ಬಲಿಯಾದ. ಇಂಥ ಪ್ಲೇಟುಗಳು ನಮ್ಮ ಹಳೆಯ ಮನೆಗಳ ಅಟ್ಟಗಳಲ್ಲಿ, ಗುಜರಿ ಅಂಗಡಿಗಳಲ್ಲಿ ಇನ್ನೂ ಇರುತ್ತವೆ. ಅಮೆರಿಕದ ಯಾವ ಸಂಗ್ರಹಾಲಯದವರೂ ಬಂದು ಹುಡುಕುವುದಿಲ್ಲ. ನಾವೇ ಮಾಡಬೇಕು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ನಮ್ಮ ಬೀದಿಯಲ್ಲಿರುವ ಸಾಫ್ಟ್‌ವೇರ್ ತರುಣನೊಬ್ಬ ಭಾನುವಾರಗಳಲ್ಲಿ ನೆರವಾಗುತ್ತಿದ್ದಾನೆ. ಪ್ಲೇಟನ್ನು ಶುದ್ಧನೀರಿನಲ್ಲಿ ಮೆದುವಾಗಿ ತೊಳೆಯಬೇಕು. ಮದ್ಯಸಾರ ಮಾತ್ರ ಸೋಕಿಸಬಾರದು, ಅರಗು ಅದರಲ್ಲಿ ಕರಗುತ್ತದೆ. ಎಲ್‌ಪಿಗೆ ಹಾಕುವ ಮುಳ್ಳು ಇದಕ್ಕಾಗದು, ಹಳೆಯ ಗೀರು ಅದಕ್ಕಿಂತ ಬಹಳ ಅಗಲ. ವೇಗವೂ 78 ಎಂದು ನಂಬುವಂತಿಲ್ಲ. 1925ಕ್ಕೆ ಮುಂಚಿನ ಪ್ಲೇಟುಗಳು 70ರಿಂದ 80ರ ಆಚೀಚೆ ಹೇಗೆ ಬೇಕಾದರೂ ಇರುತ್ತವೆ, ಶ್ರುತಿ ಹಿಡಿದು ತೀರ್ಮಾನಿಸಬೇಕು. ಸದ್ದನ್ನು ಅತಿಯಾಗಿ ಶುಚಿಮಾಡಲು ಹೊರಟರೆ ಗೊರಗೊರದ ಜೊತೆಗೆ ಕಹಳೆಯ ಜೀವವೂ ಹೋಗುತ್ತದೆ. ಇದುವರೆಗೆ 60 ಪ್ಲೇಟುಗಳು ಮುಗಿದಿವೆ. ಕೇಳಿದವರಿಗೆಲ್ಲ ಪ್ರತಿ ಕೊಡುತ್ತಿದ್ದೇನೆ.

ಒಡೆದ ಪ್ಲೇಟಿನ ಸಂಗೀತ ಕಳೆದುಹೋಗಿರಲಿಲ್ಲ. ಅದೇ ಮುದ್ರಣದ ಇನ್ನೊಂದು ಪ್ರತಿಯನ್ನು ಎಲ್ಲೋ ಯಾರೋ ಜೋಪಾನ ಮಾಡಿ, ಎಲ್ಲರಿಗೂ ಸಿಗುವಂತೆ ಮಾಡಿದ್ದರು. ಮೇಷ್ಟ್ರ ಮಗಳು ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾರೆಂದು ಇಗರ್ಜಿಯ ಹಳಬರೊಬ್ಬರಿಂದ ತಿಳಿದು, ಕಳೆದ ವರ್ಷ ಅವರಿಗೆ ಪತ್ರ ಬರೆದು, ಆ ಮುದ್ರಿಕೆಯನ್ನು ಕಳುಹಿಸಿದೆ. ಕ್ಯಾಸೆಟ್ಟಿನ ಕಥೆಯನ್ನೂ ಮುಚ್ಚಿಡದೆ ಬರೆದೆ. ಹತ್ತು ದಿನಕ್ಕೆ ಉತ್ತರ ಬಂತು. ಧನ್ಯವಾದ ಹೇಳಿ, ಅಪ್ಪ ದಿನವೂ ಶಿಳ್ಳೆ ಹಾಕುತ್ತಿದ್ದುದು ಈ ಹಾಡಲ್ಲ, ಬಹುಶಃ ಪ್ಲೇಟಿನ ಇನ್ನೊಂದು ಬದಿಯದು ಎಂದು ಅವರು ಬರೆದಿದ್ದರು. ಅಂದೇ ರಾತ್ರಿ ಆ ಬದಿಯನ್ನೂ ಹುಡುಕಿ ಕಳುಹಿಸಿದೆ.